ಪರಸಿ ಕಲ್ಲಿನ ಡಿಸ್ಕಸ್

ನಾನು ಹೈಸ್ಕೂಲಿನ ಪಿ.ಟಿ. ಟೀಚರ್. ಸರಕಾರಿ ಆದೇಶದಲ್ಲಿ ‘ದೈಹಿಕ ಶಿಕ್ಷಣ ಶಿಕ್ಷಕಿ’ ಎಂದು ಉದ್ದಕ್ಕೆ ಬರೆದಿದ್ದಾರೆ. ಊರಿನವರಿಗೆ ನಾನು ಡ್ರಿಲ್ ಟೀಚರ್. ಮಕ್ಕಳಿಗೆ, ನನಗೆ ಕೇಳಿಸುವುದಿಲ್ಲ ಎಂದು ಅವರು ನಂಬಿಕೊಂಡಾಗ, ‘ಸೀಟಿ’. ಕೊರಳಲ್ಲಿ ತೂಗುವ ಸೀಟಿಗಿಂತ ನನ್ನ ಗಂಟಲೇ ಜೋರು ಎಂಬ ಮಾತೂ ಇದೆ. ಅದನ್ನು ಹೇಳಿದವರು ನನ್ನ ಅತ್ತೆ, ಹಾಗಾಗಿ ನಾನು ಆ ವಿಷಯದಲ್ಲಿ ವಾದಕ್ಕಿಳಿಯುವುದಿಲ್ಲ.

ಮನೆ ಸೇಡಂನಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ರೈಲು ಹಿಡಿದು, ಚಿತ್ತಾಪುರ ದಾಟಿ ವಾಡಿಯಲ್ಲಿ ಇಳಿದು, ಅಲ್ಲಿಂದ ಟಂಟಂ ಆಟೋದಲ್ಲಿ ಜನರ ನಡುವೆ ಮಡಚಿಕೊಂಡು ಕುಳಿತು ಶಾಲೆ ಮುಟ್ಟುತ್ತೇನೆ. ವಾಡಿಗೂ ಶಹಾಬಾದಿಗೂ ನಡುವೆ, ಕಲ್ಲಿನ ಖಣಿಗಳ ಮಗ್ಗುಲಲ್ಲಿ ನಮ್ಮ ಶಾಲೆ. ಟಂಟಂನಿಂದ ಇಳಿದ ಮೇಲೆ ಕೈಕಾಲು ಝಾಡಿಸಿಕೊಳ್ಳುವುದೇ ನನ್ನ ದಿನದ ಮೊದಲ ಕವಾಯತು.

ಶಾಲೆಯಲ್ಲಿ ಯಾರಿಗೂ ಬೇಡವಾದ ಕೆಲಸವೆಲ್ಲ ನನ್ನದು. ಪ್ರಾರ್ಥನೆಯ ಸಾಲು ನೆಟ್ಟಗೆ ಮಾಡುವುದು, ಬಿಸಿಯೂಟದ ಸಾಲಿನಲ್ಲಿ ನುಗ್ಗುವವರ ಕಿವಿ ಹಿಡಿಯುವುದು, ಮಂಡಿ ಕೆತ್ತಿಕೊಂಡವರಿಗೆ ಮುಲಾಮು ಹಚ್ಚುವುದು, ಅತಿಥಿಗಳು ಬರುವ ಮೊದಲು ಮೈಕಿನ ಮುಂದೆ ನಿಂತು ‘ಹಲೋ, ಹಲೋ’ ಎನ್ನುವುದು. ಇಷ್ಟೆಲ್ಲ ಮಾಡಿದ ಮೇಲೂ ಟೈಮ್‌ಟೇಬಲ್ ಬರೆಯುವ ದಿನ ನನ್ನ ವಿಷಯ ಊಟಕ್ಕಿಲ್ಲದ ಉಪ್ಪಿನಕಾಯಿ. ಎಲ್ಲ ವಿಷಯಗಳೂ ಕುಳಿತ ಮೇಲೆ ಉಳಿದ ಮೂಲೆಯಲ್ಲಿ ನನಗೆ ಜಾಗ, ಎಂದರೆ ಕೊನೆಯ ಪೀರಿಯಡ್. ನನಗೆ ಅದರ ಬಗ್ಗೆ ತಕರಾರಿಲ್ಲ. ಕೊನೆಯ ಪೀರಿಯಡ್ಡಿನ ಗಂಟೆ ಬಡಿದಾಗ ಮಕ್ಕಳು ಮೈದಾನಕ್ಕೆ ಓಡಿಬರುವ ಚೆಂದ ನೋಡಿದವರು ಅದನ್ನು ಬೇರೆ ಯಾವ ಪೀರಿಯಡ್ಡಿಗೂ ಬದಲಿಸಿಕೊಳ್ಳಲಾರರು.

ಆ ಪೀರಿಯಡ್ಡಿನ ಮೇಲೆಯೇ ಒಂದು ವರ್ಷ ಹೆಡ್‌ಮಾಸ್ತರರ ಕಣ್ಣು ಬಿತ್ತು.

ಅವರು ಒಳ್ಳೆಯ ಮನುಷ್ಯರು. ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ, ಹಾಗಾಗಿಯೇ ಅವರ ಕೂಡ ಜಗಳವಾಡುವುದು ಕಷ್ಟ. ಜೂನ್ ತಿಂಗಳ ಸಭೆಯಲ್ಲಿ ಚಹಾ ಬಂದ ಮೇಲೆ ಮೆಲ್ಲಗೆ ಸುರುಮಾಡಿದರು.

“ಮೇಡಂ, ಈ ಸಲ ಹತ್ತನೇತ್ತದ ರಿಸಲ್ಟ್ ಮ್ಯಾಲ ಬರಬೇಕು ಅಂತ ಮ್ಯಾಲಿನವ್ರು ಭಾಳ ಒತ್ತಿ ಹೇಳ್ಯಾರ. ಅವರ ಕಡೀ ಪೀರಿಯಡ್ ಗಣಿತಕ್ಕ ಕೊಟ್ಟುಬಿಡೋಣ್ರಿ. ನೀವೂ ಜರಾ ಆರಾಮ ಕುಂದ್ರಬಹುದು.”

“ನಾ ಕುಂದ್ರಲಿಕ್ಕ ಪಿ.ಟಿ. ಟೀಚರ್ ಆಗಿಲ್ರಿ ಸರ್,” ಎಂದೆ. ನನಗೆ ಮೂಗಿನ ತುದಿಯಲ್ಲೇ ಕೋಪ. “ಮುಂಜಾನಿಂದ ಕುಂತು ಕುಂತು ಅವರ ಬೆನ್ನು ಬಿಲ್ಲಾಗ್ಯಾವ. ಅವರು ಓಡಾಡೋದು ಇದೊಂದೇ ತಾಸು. ಅದನ್ನೂ ಕಸಗೊಂಡ್ರ ಗಣಿತ ತಲಿಗಿ ಹತ್ತತದಾ?”

ಗಣಿತದ ಸರ್ ಬಸಿಯಿಂದ ಚಹಾ ಕುಡಿಯುತ್ತ ತಲೆ ಎತ್ತಲಿಲ್ಲ. ಅವರು ಚಿಂಚೋಳಿ ಕಡೆಯವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಮಕ್ಕಳ ಮೇಲೆ ಜೀವ ಇಟ್ಟುಕೊಂಡವರೇ, ಆದರೆ ಜಗತ್ತಿನ ಎಲ್ಲ ರೋಗಕ್ಕೂ ಇನ್ನೊಂದು ಲೆಕ್ಕ ಬಿಡಿಸುವುದೇ ಮದ್ದು ಎಂದು ತಿಳಿದಿದ್ದರು. “ಮೇಡಂ ಹೇಳೋದೂ ಖರೆ ಅದ,” ಎಂದರು ಕೊನೆಗೆ. “ಆದ್ರ ಪರೀಕ್ಷಾದಾಗ ಓಡ್ರಿ ಅಂತ ಪ್ರಶ್ನೆ ಕೇಳಂಗಿಲ್ಲಲ್ರಿ.”

ನಾನು ಇನ್ನೂ ನಾಲ್ಕು ಮಾತು ಆಡಿದೆ. ಅವುಗಳನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಹೆಡ್‌ಮಾಸ್ತರರು ಎಲ್ಲವನ್ನೂ ಕೇಳಿ, ಕನ್ನಡಕ ಒರೆಸಿ, ಒಂದು ಷರತ್ತು ಇಟ್ಟರು. ತಾಲೂಕು ಕ್ರೀಡಾಕೂಟ ಮುಗಿಯುವವರೆಗೆ ಪೀರಿಯಡ್ ನನ್ನದೇ. ಆ ಕೂಟದಲ್ಲಿ ಹತ್ತನೆಯ ತರಗತಿಯ ಒಬ್ಬರಾದರೂ ಮೊದಲ ಎರಡು ಸ್ಥಾನದೊಳಗೆ ಬಂದು ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದರೆ ವರ್ಷ ಪೂರ್ತಿ ನನ್ನದು, ಯಾರೂ ಕೈ ಹಚ್ಚುವುದಿಲ್ಲ. ಆಗದಿದ್ದರೆ ಮರುದಿನದಿಂದಲೇ ಗಣಿತ. “ಆಗಬಹುದಲ್ರೀ?” ಎಂದರು. ನಮ್ಮ ಶಾಲೆಯಿಂದ ಜಿಲ್ಲೆಗೆ ಹೋದವರು ಯಾರೂ ಇಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ನಾನು ಆಗಲಿ ಎಂದೆ.

ಸಿಟ್ಟಿನಲ್ಲಿ ಒಪ್ಪಿಕೊಂಡೆನೇ ಹೊರತು ಮೈದಾನಕ್ಕೆ ಹೋಗಿ ನಿಂತಾಗ ಮಕ್ಕಳನ್ನು ಯಾವ ಆಟಕ್ಕೆ ತಯಾರು ಮಾಡಲಿ ಎಂದು ತಿಳಿಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುತ್ತಾರೆ. ನಮ್ಮ ನೆಲ ನಿಜಕ್ಕೂ ಡೊಂಕು, ನಾನೇನು ಮಾಡಲಿ. ಒಂದು ಗೇಣು ಮಣ್ಣು ಸರಿಸಿದರೆ ಕೆಳಗೆ ಬಂಡೆ. ಖೋ ಖೋ ಕಂಬ ಹೂಳಲು ಗುದ್ದಲಿ ಹಾಕಿದರೆ ಠಣ್ ಎನ್ನುತ್ತದೆ. ಉದ್ದ ಜಿಗಿತಕ್ಕೆ ಗುಂಡಿ ತೋಡಲಾಗುವುದಿಲ್ಲ, ಜಿಗಿದವರು ಮೇಲಕ್ಕೆ ಹೋದಷ್ಟೇ ಜೋರಾಗಿ ಕೆಳಗೆ ಬಂದು ಹಲ್ಲು ಕಚ್ಚುತ್ತಾರೆ. ಕಬಡ್ಡಿ ಆಡಿಸಿದರೆ ಮಾರನೆಯ ದಿನ ತಾಯಂದಿರು ಹರಿದ ಪ್ಯಾಂಟು ಹಿಡಿದು ಗೇಟಿಗೆ ಬರುತ್ತಾರೆ. ನೆಲದ ಗೊಡವೆಯೇ ಇಲ್ಲದ ಆಟ ಯಾವುದು ಎಂದು ಯೋಚಿಸಿದಾಗ ಉಳಿದದ್ದು ಎಸೆತ.

ಎಸೆಯುವವಳು ಸಿಕ್ಕಿದ್ದು ಒಂದು ಮಧ್ಯಾಹ್ನ. ವಾಲಿಬಾಲು ಬೇವಿನ ಮರದ ಕವಲಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಹುಡುಗರು ಚಪ್ಪಲಿ ಎಸೆದು ಚಪ್ಪಲಿಯನ್ನೂ ಮರಕ್ಕೆ ಒಪ್ಪಿಸಿ ನಿಂತಿದ್ದರು. ಆಗ ಹತ್ತನೆಯ ತರಗತಿಯ ಒಬ್ಬಳು, ಬೆಂಚಿನ ಕೊನೆಯಲ್ಲಿ ಕುಳಿತು ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು, ದುಪಟ್ಟಾ ಸೊಂಟಕ್ಕೆ ಬಿಗಿದು, ಅಂಗಳದಲ್ಲಿ ಬಿದ್ದಿದ್ದ ಒಂದು ಪರಸಿ, ಎಂದರೆ ನಮ್ಮ ಕಡೆಯ ಚಪ್ಪಡಿ ಕಲ್ಲಿನ, ಚೂರು ಎತ್ತಿಕೊಂಡು, ಅಡ್ಡಲಾಗಿ ಬೀಸಿ ಬಿಟ್ಟಳು. ಚೂರು ಗಿರಗಿರನೆ ತಿರುಗುತ್ತ ಹೋಗಿ ಚೆಂಡಿನ ಬುಡಕ್ಕೆ ಬಡಿಯಿತು. ಚೆಂಡು ಕೆಳಗೆ ಬಂತು, ಅದರ ಹಿಂದೆಯೇ ಒಂದು ಚಪ್ಪಲಿಯೂ ಬಂತು.

“ಎಲ್ಲಿ ಕಲ್ತಿ ಇದನ್ನ?” ಎಂದು ಕೇಳಿದೆ.

“ಖಣಿ ನೀರಾಗ್ರಿ ಟೀಚರ್.”

ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳಲ್ಲಿ ಮಳೆಯ ನೀರು ನಿಲ್ಲುತ್ತದೆ. ಅದರ ಮೇಲೆ ಪರಸಿ ಚೂರು ಕುಪ್ಪಳಿಸುವಂತೆ ಎಸೆಯುವುದು ಅಲ್ಲಿಯ ಮಕ್ಕಳ ಆಟ. ಈಕೆ ಎಸೆದದ್ದು ಆಚೆ ದಂಡೆ ಮುಟ್ಟುತ್ತದೆ ಎಂದು ಗೆಳತಿಯರು ಹೇಳಿದರು. ನನಗೆ ಅಷ್ಟು ಸಾಕಾಯಿತು.

ಡಿಸ್ಕಸ್ ಹುಡುಕಿದೆ. ಶಾಲೆಯಲ್ಲಿ ಒಂದು ಇತ್ತು, ಕಟ್ಟಿಗೆಯದು, ಸುತ್ತ ಕಬ್ಬಿಣದ ಪಟ್ಟಿ. ಅದು ಬಿಸಿಯೂಟದ ಅಡುಗೆಮನೆಯಲ್ಲಿ ಸಾಂಬಾರಿನ ಮುಚ್ಚಳದ ಮೇಲೆ ಭಾರಕ್ಕೆ ಕುಳಿತು, ವರ್ಷಗಟ್ಟಲೆ ಹಬೆ ಕುಡಿದು ಎರಡು ಹೋಳಾಗಿತ್ತು. ಅಡುಗೆಯವಳು “ಅದು ಆಡೂ ಸಾಮಾನಾ? ನಾ ಮುಚ್ಚಳ ಅಂತ ತಿಳದಿದ್ದೆರಿ ಅಕ್ಕಾರ,” ಎಂದಳು. ಕಲಬುರಗಿಯ ಅಂಗಡಿಯವನಿಗೆ ಹೇಳಿಕಳಿಸಿದರೆ ಅವನು ಮುಂದಿನ ವಾರ ಎನ್ನುತ್ತಲೇ ಇದ್ದ. ಪಕ್ಕದ ಊರಿನ ಶಾಲೆಯಲ್ಲಿ ಎರಡು ಇದ್ದವು. ಅಲ್ಲಿಯ ಪಿ.ಟಿ. ಸರ್ ಕೂಟ ಮುಗಿದ ಮೇಲೆ ಬೇಕಾದಷ್ಟು ದಿನ ಇಟ್ಟುಕೊಳ್ಳಿರಿ ಎಂದು ಉದಾರವಾಗಿ ಹೇಳಿದರು.

ನಮ್ಮ ಸೀಮೆಯಲ್ಲಿ ಏನು ಇಲ್ಲದಿದ್ದರೂ ಅದನ್ನು ಪರಸಿಯಿಂದ ಮಾಡಿಕೊಳ್ಳುತ್ತಾರೆ. ಮನೆಯ ನೆಲ ಪರಸಿ, ಮಾಡು ಪರಸಿ, ಬೇಲಿ ಪರಸಿ, ಬಸ್‌ಸ್ಟ್ಯಾಂಡಿನಲ್ಲಿ ಕೂಡುವ ಬೆಂಚು ಪರಸಿ, ಬಚ್ಚಲ ಪರಸಿ, ರೊಟ್ಟಿ ಬಡಿಯುವುದೂ ಪರಸಿಯ ಮೇಲೆ. ಹುಡುಗಿಯ ಅಪ್ಪ ಪರಸಿ ಕೊಯ್ದು ಪಾಲಿಶ್ ಮಾಡುವ ಮಷೀನಿನಲ್ಲಿ ಕೆಲಸದವನು. ಡಿಸ್ಕಸ್ಸೂ ಪರಸಿಯದೇ ಆಗಲಿ ಎಂದು ನನಗೆ ಹೊಳೆದಾಗ ಅದು ವಿಚಿತ್ರ ಎಂದು ಶಾಲೆಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಹೆಡ್‌ಮಾಸ್ತರರೂ “ಚಲೋ ಆತು, ಗಟ್ಟಿ ಇರ್ತದ,” ಎಂದರು.

ಒಡೆದ ಡಿಸ್ಕಸ್ಸಿನ ಹೋಳುಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಮಷೀನಿನ ಶೆಡ್ಡಿಗೆ ಹೋದೆ. ಅಪ್ಪ ತಲೆಗೆ ಕಟ್ಟಿದ ರುಮಾಲು ಬಿಚ್ಚಿ ಮುಖದ ಬಿಳಿ ಹುಡಿ ಒರೆಸಿಕೊಂಡು, ನನಗೆ ಕೂಡಲು ಒಂದು ಪರಸಿ ಎಳೆದು ಕೊಟ್ಟ. ಹೋಳುಗಳನ್ನು ಜೋಡಿಸಿ ನೋಡಿದ.

“ರೊಟ್ಟಿ ಬಡಿಯೋ ಕಲ್ಲೇನ್ರಿ ಮೇಡಂ? ಸಣ್ಣದಾತಲ್ರಿ.”

“ರೊಟ್ಟಿಗಲ್ಲಪ್ಪ. ಒಗೀಲಿಕ್ಕ.”

ಅವನು ನನ್ನನ್ನು ನೋಡಿದ, ಮಗಳನ್ನು ನೋಡಿದ. “ಪಾಲಿಶ್ ಮಾಡಿದ್ದು ಒಗೀಲಿಕ್ಕಾ?” ಎಂದ. ನಾನು ಆಟ ವಿವರಿಸಿದೆ. ಷರತ್ತಿನ ವಿಷಯವನ್ನೂ ಹೇಳಿದೆ. ಅವನಿಗೆ ಆಟ ಅರ್ಥವಾಗಲಿಲ್ಲ, ಷರತ್ತು ಅರ್ಥವಾಯಿತು. ಎರಡನೆಯ ದಿನ ಮಗಳ ಕೈಯಲ್ಲಿ ಒಂದು ಗುಂಡನೆಯ ಪರಸಿ ಕಳಿಸಿದ. ಬೂದುನೀಲಿ ಬಣ್ಣ, ಅಂಚು ಬೆರಳಿಗೆ ಹಿತವಾಗುವಂತೆ ತಿಕ್ಕಿದ್ದು, ನೋಡಲು ನನ್ನ ಅತ್ತೆಯ ದೇವರಮನೆಯಲ್ಲಿ ಇಡುವಷ್ಟು ಚೆಂದ. ಅಸಲಿಗಿಂತ ತುಸು ಭಾರವಿತ್ತು. ಭಾರದ್ದು ಎಸೆದು ರೂಢಿಯಾದರೆ ಹಗುರವಾದದ್ದು ಇನ್ನೂ ದೂರ ಹೋಗುತ್ತದೆ ಎಂದು ನಾನು ಖುಷಿಪಟ್ಟೆ.

ಮೊದಲ ಎಸೆತಕ್ಕೇ ಅದು ಮೂರು ಚೂರಾಯಿತು. ಕೆಳಗೆ ಬಂಡೆ, ಬಿದ್ದದ್ದು ಕಲ್ಲು, ಇನ್ನೇನಾಗುತ್ತದೆ. ಎಲ್ಲರೂ ಓಡಿಹೋಗಿ ಸುತ್ತ ನಿಂತು ನೋಡಿದೆವು. ಹುಡುಗಿ ಚೂರುಗಳನ್ನು ಆರಿಸಿ ಗೆಳತಿಯೊಬ್ಬಳ ಲಂಗದ ಮಡಿಲಿಗೆ ಹಾಕಿದಳು. ಅಪ್ಪ ಇನ್ನೊಂದು ಮಾಡಿಕೊಟ್ಟ. ಅದೂ ಒಡೆಯಿತು. ಮತ್ತೊಂದು ಕೊಟ್ಟ. ಕಲ್ಲಿಗೆ ಅವನು ಬೇಸರಪಡಲಿಲ್ಲ, ಶೆಡ್ಡಿನ ಸುತ್ತ ತುಂಡುಗಳು ಗುಡ್ಡೆ ಬಿದ್ದಿರುತ್ತವೆ. ಅವನ ಬೇಸರ ಬೇರೆ. ಒಂದು ದಿನ ಶಾಲೆಯ ಗೇಟಿಗೆ ಬಂದವನು ನನ್ನ ಮುಂದೆಯೇ ಮಗಳಿಗೆ ಹೇಳಿದ: “ಬೇಟಿ, ಕಲ್ಲು ಒಡೀತಂದ್ರ ಇಟ್ಟವ್ರ ಕೈ ನೆಟ್ಟಗಿಲ್ಲ ಅಂತ ಲೆಕ್ಕ. ನಿನ್ನ ದಾದಾ, ನಮ್ಮಪ್ಪ, ಇಷ್ಟುದ್ದ ಪರಸಿ ಹೊತ್ತು ಇಡ್ತಿದ್ರ ಸಪ್ಪಳ ಸುದ್ದ ಬರ್ತಿರಲಿಲ್ಲ.”

ಅಲ್ಲಿಂದ ಹುಡುಗಿಗೆ ಹಟ ಬಂತು. ಅವಳು ಡಿಸ್ಕಸ್ಸನ್ನು ತಗ್ಗಿನಲ್ಲಿ ಹಾಯಿಸಿ, ಅದು ತನ್ನ ಚಪ್ಪಟೆ ಹೊಟ್ಟೆಯ ಮೇಲೆ ಜಾರಿಕೊಂಡು ನೆಲಕ್ಕಿಳಿಯುವಂತೆ ಬಿಡಲು ಕಲಿತಳು. ಖಣಿಯ ನೀರಿನ ಮೇಲೆ ಚೂರು ಬಿಡುವವಳಿಗೆ ಅದೇನು ಕಷ್ಟ. ದಿನಗಳೆದಂತೆ ಒಡೆಯುವುದು ಕಡಿಮೆಯಾಯಿತು. ಒಂದೊಂದು ಕಲ್ಲು ವಾರ ಬಾಳತೊಡಗಿತು. ಪ್ರತಿ ಎಸೆತವಾದ ಕೂಡಲೇ ಅವಳು ಮುಂದಕ್ಕೆ ಓಡುತ್ತಿದ್ದಳು, ಅವಳ ಹಿಂದೆ ನಾನು, ನನ್ನ ಹಿಂದೆ ಇಡೀ ಹತ್ತನೆಯ ತರಗತಿ. ಕಲ್ಲನ್ನೆತ್ತಿ, ಹಿಂದೆ ಮುಂದೆ ತಿರುಗಿಸಿ, ಅಂಚು ಸವರಿ, ಅವಳು “ಒಡದಿಲ್ರಿ” ಎಂದರೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದೆವು. ದೂರ ಅಳೆಯುವುದು ಆಮೇಲಿನ ಮಾತು. ಮೊಬೈಲಿನಲ್ಲಿ ದೊಡ್ಡ ದೊಡ್ಡ ದೇಶದವರು ಎಸೆಯುವ ವಿಡಿಯೊ ತೋರಿಸಿದೆ. ಅವರು ತಿರುಗುವ ರೀತಿಯನ್ನು ಅವಳು ಒಂದೇ ಸಲಕ್ಕೆ ಹಿಡಿದಳು. ಆದರೆ ಕೊನೆಗೆ ಹೇಳಿದ್ದು ಒಂದೇ ಮಾತು: “ಅವರ ನೆಲ ಭಾಳ ಮೆತ್ತಗದ ನೋಡ್ರಿ ಟೀಚರ್.”

ತಾಲೂಕು ಕೂಟ ಚಿತ್ತಾಪುರದಲ್ಲಿ. ಮಕ್ಕಳನ್ನು ಕರೆದೊಯ್ಯಲು ನನ್ನ ಜೊತೆ ಇನ್ನೊಬ್ಬರು ಬೇಕು ಎಂದಾಗ ಹೆಡ್‌ಮಾಸ್ತರರು ಗಣಿತದ ಸರ್‌ರನ್ನೇ ಕಳಿಸಿದರು. ಅದರಲ್ಲಿ ಅವರ ಹುನ್ನಾರವೇನೂ ಇರಲಿಲ್ಲ, ಉಳಿದ ಸರ್‌ಗಳೆಲ್ಲ ಮೊದಲೇ ಸೊಂಟನೋವು ಹೇಳಿಕೊಂಡಿದ್ದರು. ಗಣಿತದ ಸರ್ ಚೀಲದ ತುಂಬ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದಿದ್ದರು. ರೈಲಿನಲ್ಲಿ, ಆಟವಿಲ್ಲದ ಹೊತ್ತಿನಲ್ಲಿ, ಮಕ್ಕಳು ಬಿಡಿಸಲಿ ಎಂದು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತೆ.

ಬೆಳಿಗ್ಗೆಯಿಂದ ನಮಗೆ ಯಾವುದೂ ಕೂಡಿಬರಲಿಲ್ಲ. ರಿಲೇಯಲ್ಲಿ ನಮ್ಮವನು ಕೋಲನ್ನು ಪಕ್ಕದ ಶಾಲೆಯವನ ಕೈಗೆ ಕೊಟ್ಟ. ಎತ್ತರ ಜಿಗಿತದಲ್ಲಿ ಮೆತ್ತನೆಯ ಹಾಸಿಗೆ ಕಂಡು ಖುಷಿಯಾದ ನಮ್ಮ ಹುಡುಗ ಅಡ್ಡಕೋಲನ್ನು ಮರೆತು ಹಾಸಿಗೆಯ ಮೇಲೆ ಬೀಳುವುದನ್ನಷ್ಟೇ ಮಾಡಿದ. ಖೋ ಖೋದಲ್ಲಿ ಹುಡುಗಿಯರು ಚೆನ್ನಾಗಿಯೇ ಓಡಿದರು, ಆದರೆ ಕಂಬ ಹಿಡಿದು ತಿರುಗುವುದನ್ನು ಅವರು ಮಾಡಿಯೇ ಇರಲಿಲ್ಲ, ನಮ್ಮಲ್ಲಿ ಕಂಬವೆಲ್ಲಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಹತ್ತನೆಯ ತರಗತಿಯವರ ಹೆಸರು ಉಳಿದದ್ದು ಡಿಸ್ಕಸ್‌ನಲ್ಲಿ ಮಾತ್ರ.

ಹುಡುಗಿ ಊಟ ಮಾಡಲಿಲ್ಲ. ತಟ್ಟೆಯ ಅಂಚು ಸವರುತ್ತ ಕುಳಿತಿದ್ದಳು. “ಟೀಚರ್, ನಾ ಸೋತ್ರ ಎಲ್ಲಾರ ಆಟ ಹೋಗ್ತದಲ್ರೀ?”

ಇಲ್ಲ ಎಂದು ಸುಳ್ಳು ಹೇಳಬಹುದಿತ್ತು. “ಹೌದವ್ವ,” ಎಂದೆ. “ಆದ್ರ ಅದು ನನ್ನ ಜಗಳ, ನಿಂದಲ್ಲ. ನೀ ಎರಡು ತುತ್ತು ಉಣ್ಣು.” ಅವಳು ಅನ್ನವನ್ನು ಕಲಸಿದಳು. ಅವಳ ಪಕ್ಕದಲ್ಲಿ ಗಣಿತದ ಸರ್ ಪ್ರಶ್ನೆಪತ್ರಿಕೆಯಿಂದ ಅವಳಿಗೆ ಗಾಳಿ ಬೀಸುತ್ತಿದ್ದುದನ್ನು ನಾನು ನೋಡಿದೆ.

ಡಿಸ್ಕಸ್ ಎಸೆತ ಮೈದಾನದ ಮೂಲೆಯಲ್ಲಿತ್ತು. ಸಿಮೆಂಟಿನ ವರ್ತುಲ, ಸುತ್ತ ಕಬ್ಬಿಣದ ಬಳೆ, ಮುಂದೆ ಸುಣ್ಣದ ಎರಡು ಗೆರೆ, ಆಚೆ ಮಳೆಗೆ ಚಿಗುರಿದ ಹುಲ್ಲು. ನಿರ್ಣಾಯಕ ಬಿಳಿ ಟೋಪಿಯ ಹಿರಿಯ ಪಿ.ಟಿ. ಸರ್, ಒಂದು ಕೈಯಲ್ಲಿ ಬಿಳಿ ಬಾವುಟ, ಇನ್ನೊಂದರಲ್ಲಿ ಕೆಂಪು. ಒಬ್ಬೊಬ್ಬರಿಗೆ ಮೂರು ಎಸೆತ, ಅದರಲ್ಲಿ ಹೆಚ್ಚು ದೂರದ್ದು ಲೆಕ್ಕಕ್ಕೆ. ನಮ್ಮ ಹುಡುಗಿ ಡಿಸ್ಕಸ್ಸನ್ನು ಕೈಗೆತ್ತಿಕೊಂಡು ನನ್ನ ಕಡೆ ತಿರುಗಿ, “ಇದು ಹಪ್ಪಳದಂಗ ಅದರಿ,” ಎಂದಳು.

ಮೊದಲ ಎಸೆತ. ಚೆಂದ ತಿರುಗಿದಳು, ಚೆಂದ ಬಿಟ್ಟಳು. ಡಿಸ್ಕಸ್ ಹುಲ್ಲಿಗೆ ತುಸುವೇ ಮೇಲೆ ಹಾಯ್ದು, ಮೆಲ್ಲಗೆ, ಮಲಗುವ ಮಗುವಿನ ಹಾಗೆ ನೆಲಕ್ಕೆ ಇಳಿಯಿತು. ಹುಲ್ಲಿನ ಮೇಲೆ ಅಷ್ಟು ಮೆತ್ತಗೆ ಇಳಿದದ್ದನ್ನು ಕಂಡು ಅವಳು ಓಡಲಿಲ್ಲ, ನನ್ನ ಕಡೆ ತಿರುಗಿ ಹಿಂದಿನಿಂದಲೇ ಹೊರಬಂದಳು. ಬಿಳಿ ಬಾವುಟ ಬಂತು, ಆದರೆ ದೂರ ಏನೂ ಹೋಗಿರಲಿಲ್ಲ. ಆರು ಜನರಲ್ಲಿ ಐದನೆಯವಳು. ಗಣಿತದ ಸರ್ ನನ್ನ ಕಿವಿಯ ಹತ್ತಿರ ಬಂದು ಕೇಳಿದರು: “ಮೇಡಂ, ಆಕಿ ಯಾಕ ಹಂಗ ಒಗೀಲಿಕತ್ತಾಳ? ಹಾಸಿಗಿ ಹಾಸಿದಂಗ?”

ಆಗ ನನಗೆ ತಿಳಿಯಿತು. ಅವಳು ಕಲ್ಲನ್ನು ಒಡೆಯದ ಹಾಗೆ ಎಸೆಯುತ್ತಿದ್ದಳು. ಎರಡು ತಿಂಗಳು ನಾವು ಚಪ್ಪಾಳೆ ಹೊಡೆದು ಕಲಿಸಿದ್ದು ಅದನ್ನೇ. ಅವಳು ದೂರ ಒಗೆಯುವುದನ್ನು ಕಲಿತಿರಲಿಲ್ಲ, ಜೋಪಾನವಾಗಿ ಇಡುವುದನ್ನು ಕಲಿತಿದ್ದಳು. ನನಗೆ ನಗು ಬಂತು, ಅಳುವೂ ಬಂತು, ಯಾವುದು ಮೊದಲು ಎಂದು ಹೇಳಲಾರೆ.

ಅವಳನ್ನು ಪಕ್ಕಕ್ಕೆ ಕರೆದೆ. “ನೋಡು, ಇದು ಕಟ್ಟಿಗೀದು, ಸುತ್ತ ಕಬ್ಬಿಣ ಅದ. ಕೆಳಗ ಹುಲ್ಲು. ಎಷ್ಟು ಮ್ಯಾಲಿಂದ ಬಿದ್ರೂ ಇದಕ್ಕೇನೂ ಆಗಂಗಿಲ್ಲ. ಬೇಕಂದ್ರ ಒಡಿ, ನಾ ಅದೀನಿ. ಮುಗಲಿಗೆ ಒಗಿ.”

“ಖರೇನ ಒಡಿಯಂಗಿಲ್ಲೇನ್ರಿ?”

“ಖರೇನ.”

ಎರಡನೆಯ ಸಲ ಅವಳು ಒಗೆದಳು. ಅದನ್ನು ಹೇಗೆ ಬರೆಯಲಿ. ಕೈಬಿಟ್ಟ ಕೂಡಲೇ ಡಿಸ್ಕಸ್ ಏರಿತು, ಏರುತ್ತಲೇ ಹೋಯಿತು, ಆಚೆ ನಿಂತಿದ್ದ ಟೇಪಿನ ಹುಡುಗಿಯರು ಹಿಂದಕ್ಕೆ ಸರಿದರು. ಎಲ್ಲರ ಗುರುತುಗಳನ್ನೂ ದಾಟಿ, ಅಂಚಿನ ಮೇಲೆ ಧಪ್ಪೆಂದು ಬಿದ್ದು, ಪುಟಿದು ಉರುಳಿತು. ಗಣಿತದ ಸರ್ ನನ್ನ ಭುಜ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ನಮ್ಮ ಹುಡುಗಿ ವರ್ತುಲದ ಮುಂದಿನಿಂದ ಜಿಗಿದು, ಓಡಿಹೋಗಿ, ಡಿಸ್ಕಸ್ಸನ್ನೆತ್ತಿ, ಹಿಂದೆ ಮುಂದೆ ತಿರುಗಿಸಿ, ಅಂಚು ಸವರಿ ನೋಡುತ್ತ ನಿಂತಿದ್ದಳು.

ಕೆಂಪು ಬಾವುಟ ಎದ್ದಿತು.

ನಿಯಮ ಸಣ್ಣದು. ಎಸೆದವರು ವರ್ತುಲದ ಹಿಂದಿನ ಅರ್ಧದಿಂದಲೇ ಹೊರಬರಬೇಕು. ಮುಂದಿನಿಂದ ಕಾಲಿಟ್ಟರೆ ಎಸೆತ ರದ್ದು. ಆ ನಿಯಮವನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸಾದವಳು. ನಮ್ಮ ಮೈದಾನದಲ್ಲಿ ಮಾತ್ರ ವರ್ತುಲದ ಹಿಂದಿನಿಂದ ಯಾರೂ ಹೊರಬಂದಿರಲಿಲ್ಲ. ಕಲ್ಲು ಮುಂದೆ ಬಿದ್ದಿರುವಾಗ ಹಿಂದಕ್ಕೆ ಯಾರು ಹೋಗುತ್ತಾರೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಗಣಿತದ ಸರ್ ಬಿಳಿ ಟೋಪಿಯವರ ಮುಂದೆ ನಿಂತಿದ್ದರು. “ಸರ್, ಆಕಿ ಅದು ಒಡದದೇನು ಅಂತ ನೋಡ್ಲಿಕ್ಕ ಹೋದ್ಳರಿ.”

“ಏನು ಒಡೀತದರಿ?”

“ನಮ್ಮಲ್ಲಿ ಒಡೀತದರಿ,” ಎಂದರು ಗಣಿತದ ಸರ್. ಆಮೇಲೆ ಅವರು ಕಲ್ಲು, ಬಂಡೆ, ಮಷೀನು, ಅಪ್ಪ ಎಲ್ಲವನ್ನೂ ಹೇಳಿದರು. ಕೊನೆಯ ಪೀರಿಯಡ್ಡನ್ನೂ ಹೇಳಿದರು, ಅದು ಹೋದರೆ ಯಾರಿಗೆ ಸಿಗುತ್ತದೆ ಎಂಬುದೊಂದನ್ನು ಬಿಟ್ಟು. ಜೂನ್ ತಿಂಗಳಿಂದ ಆ ಮನುಷ್ಯನನ್ನು ಮನಸ್ಸಿನಲ್ಲಿ ಬೈದ ಬೈಗುಳಗಳನ್ನು ಒಂದೊಂದಾಗಿ ವಾಪಸು ತೆಗೆದುಕೊಂಡೆ.

ಬಿಳಿ ಟೋಪಿಯವರು ಪೂರ್ತಿ ಕೇಳಿದರು, ಮಧ್ಯೆ ಒಮ್ಮೆ ಮೀಸೆಯೊಳಗೆ ನಕ್ಕರು. “ಸರ್, ನೀವು ಹೇಳಿದ್ದು ಖರೆ ಇರಬಹುದು. ಆದ್ರ ಬಾವುಟ ಎತ್ತೇನಿ. ಇನ್ನೊಂದು ಎಸೆತ ಅದ ಆಕೀಗೆ, ಹೇಳಿ ಕಳಸ್ರಿ,” ಎಂದರು.

ಹುಡುಗಿ ಅಳುತ್ತಿರಲಿಲ್ಲ. ಅಳುತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಬೆವರಿದ ಅಂಗೈಯನ್ನು ಕುರ್ತಾಕ್ಕೆ ಒರೆಸಿಕೊಳ್ಳುತ್ತ, “ಒಡದಿರಲಿಲ್ರಿ ಟೀಚರ್,” ಎಂದಳು.

“ಗೊತ್ತು. ಈಗ ಕೇಳು. ಒಗಿ, ಮತ್ತ ಅಲ್ಲೇ ನಿಂದ್ರು. ಅದು ಎಲ್ಲಿ ಬೀಳತದ, ಏನಾಗತದ, ನೀ ನೋಡಬ್ಯಾಡ. ನಾ ನೋಡ್ತೀನಿ. ನೀ ನನ್ನ ಕಡೆ ತಿರಗಿ ನಡಕೊಂತ ಬಾ.”

ನಾನು ವರ್ತುಲದ ಹಿಂದೆ, ಅವಳಿಗೆ ಕಾಣುವಂತೆ ಹೋಗಿ ನಿಂತೆ. ಅವಳು ಬಳೆಯೊಳಗೆ ಹೋದಳು. ಒಮ್ಮೆ ಕೈ ಬೀಸಿದಳು, ಎರಡನೆಯ ಸಲ ಬೀಸಿ ತಿರುಗಿದಳು. ಕೈಯಿಂದ ಬಿಟ್ಟ ಮೇಲೆ ಅವಳ ಬಲಗಾಲು ಮುಂದಕ್ಕೆ ಹೋಗಲು ಎದ್ದದ್ದು ನನಗೆ ಕಂಡಿತು. ಎದ್ದ ಕಾಲು ಅಲ್ಲೇ ನಿಂತಿತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಒಂದೇ ಕಾಲಿನ ಮೇಲೆ ನಿಂತವಳನ್ನು ನೋಡುತ್ತ ನಾನು ಡಿಸ್ಕಸ್ಸನ್ನು ನೋಡಲು ಮರೆತೆ. ದೂರದಲ್ಲಿ ಧಪ್ಪೆಂದ ಸಪ್ಪಳ ಮಾತ್ರ ಕೇಳಿಸಿತು. ಅವಳು ಕಾಲನ್ನು ಕೆಳಗಿಳಿಸಿ, ತಿರುಗಿ, ಕಣ್ಣು ಬಿಟ್ಟು, ನನ್ನ ಮುಖವನ್ನೇ ನೋಡುತ್ತ ಹಿಂದಿನ ಅರ್ಧದಿಂದ ನಡೆದುಬಂದಳು. ಬಿಳಿ ಬಾವುಟ ಎದ್ದಿತು.

ಟೇಪು ಹಿಡಿದರು. ಎರಡನೆಯ ಎಸೆತದಷ್ಟು ದೂರ ಹೋಗಿರಲಿಲ್ಲ. ಮೊದಲ ಸ್ಥಾನ ಕಾಳಗಿ ಕಡೆಯ ಒಬ್ಬ ಗಟ್ಟಿ ಹುಡುಗಿಗೆ ಹೋಯಿತು. ಮೂರನೆಯವಳಿಗಿಂತ ನಮ್ಮವಳದು ಒಂದು ಗೇಣು ಹೆಚ್ಚು. ಬಿಳಿ ಟೋಪಿಯವರು ಓದಿ ಹೇಳಿದ್ದನ್ನು ಗಣಿತದ ಸರ್ ತಾವೇ ಬಗ್ಗಿ ಟೇಪು ನೋಡಿ ಖಾತ್ರಿ ಮಾಡಿಕೊಂಡರು. “ಎರಡನೇದು, ಎರಡನೇದು,” ಎನ್ನುತ್ತ ಬಂದು ಹುಡುಗಿಯ ತಲೆಯ ಮೇಲೆ ಕೈಯಿಟ್ಟರು. ಜಿಲ್ಲೆಗೆ ಹೋಗುವವಳ ಹೆಸರನ್ನು ಮೈಕಿನಲ್ಲಿ ಕರೆದಾಗ ನಮ್ಮ ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಲಿಂಬಿ ಸೋಡಾದ ಗಾಡಿಯವನೂ ಚಪ್ಪಾಳೆ ಹೊಡೆದ. ನಾನು ಅತ್ತೆನೆಂದು ಮಕ್ಕಳು ಈಗಲೂ ಹೇಳುತ್ತಾರೆ. ಅತ್ತಿದ್ದೆ. ಹಾಗೆ ಅತ್ತದ್ದಕ್ಕೆ ನನಗೆ ನಾಚಿಕೆಯಿಲ್ಲ, ಆ ಪೀರಿಯಡ್ಡು ಇನ್ನು ವರ್ಷವಿಡೀ ನಮ್ಮದಾಗಿತ್ತು.

ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಜನ ಚದುರುತ್ತಿದ್ದರು. ಬಿಳಿ ಟೋಪಿಯವರು ಟೇಪು ಸುತ್ತುತ್ತ ಕುಳಿತಿದ್ದರು, ಡಿಸ್ಕಸ್ ಅವರ ಕಾಲ ಬಳಿ ಬಿದ್ದಿತ್ತು. ಹುಡುಗಿ ಅದನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದಳು: “ಟೀಚರ್, ಅದನ್ನ ಇನ್ನೊಮ್ಮಿ ಒಗೀಲೇನ್ರಿ? ಸುಮ್ನ.”

“ಯಾಕ?”

“ನಾ ಒಗದದ್ದು ಬೀಳೋದು ನೋಡೇ ಇಲ್ರಿ.”

ನಾನು ಬಿಳಿ ಟೋಪಿಯವರನ್ನು ಕೇಳಿದೆ. ಅವರು ತಲೆಯೆತ್ತಿ ಅವಳನ್ನು ನೋಡಿ, ಡಿಸ್ಕಸ್ಸನ್ನು ಕಾಲಿನಿಂದಲೇ ಮುಂದಕ್ಕೆ ಉರುಳಿಸಿ, “ತಗೋಳವ್ವ. ಬಾವುಟ ಚೀಲದಾಗ ಹಾಕೀನಿ,” ಎಂದರು.

ಅವಳು ಬಳೆಯೊಳಗೆ ನಿಂತು, ತಿರುಗಿ, ಇದ್ದ ಬಲವನ್ನೆಲ್ಲ ಹಾಕಿ ಒಗೆದಳು. ಡಿಸ್ಕಸ್ ಮೇಲೇರುತ್ತಿರುವಾಗಲೇ ವರ್ತುಲದ ಮುಂದಿನಿಂದ ಹಾರಿ ಅದರ ಕೆಳಗೆ ಓಡತೊಡಗಿದಳು, ತಲೆ ಮೇಲೆತ್ತಿ, ನಗುತ್ತ. ಅವಳ ಹಿಂದೆ ನಾನೂ ಓಡಿದೆ, ನನ್ನ ಹಿಂದೆ ಹತ್ತನೆಯ ತರಗತಿ ಓಡಿತು, ಎಲ್ಲರ ಹಿಂದೆ ಪ್ರಶ್ನೆಪತ್ರಿಕೆಯ ಚೀಲ ಬಗಲಿಗೆ ಹಾಕಿಕೊಂಡು ಗಣಿತದ ಸರ್ ಓಡಿಬಂದರು.